ಮೆಚ್ನಿಕಾಫ್: ನೀರುಚಿಗಟ ಕಲಿಸಿದ ಪಾಠ

ಇಲ್ಯಾ ಮೆಚ್ನಿಕಾಫ್ 1845ರಲ್ಲಿ ಇಂದಿನ ಉಕ್ರೇನಿನ ಖಾರ್ಕಿವ್ ಸೀಮೆಯಲ್ಲಿ ಜನಿಸಿದರು. ಅವರು ವೈದ್ಯರಲ್ಲ, ಪ್ರಾಣಿಶಾಸ್ತ್ರದ ಅಧ್ಯಾಪಕರು. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗ ಆ ಭಾಗದ ಗೋಧಿ ಬೆಳೆಗೆ ಒಂದು ಜಾತಿಯ ದುಂಬಿಯ ಕಾಟವಿತ್ತು. ದುಂಬಿಯ ಗೊಣ್ಣೆಹುಳುಗಳನ್ನು ಹಸಿರು ಬಣ್ಣದ ಶಿಲೀಂಧ್ರವೊಂದು ಕೊಲ್ಲುತ್ತದೆಂದು 1879ರಲ್ಲಿ ಅವರು ವಿವರಿಸಿದರು. ಮೆಟಾರೈಜಿಯಂ ಎಂಬ ಆ ಶಿಲೀಂಧ್ರವನ್ನು ಇಂದು ನಮ್ಮ ರೈತರೂ ಗೊಣ್ಣೆಹುಳುವಿನ ಹತೋಟಿಗೆ ಬಳಸುತ್ತಾರೆ.

ಶಿಲೀಂಧ್ರ ಕೊಲ್ಲುವ ಬಗೆ ತಿಳಿಯಿತು. ಆದರೆ ಅದು ಹೊಕ್ಕ ಮೇಲೂ ಪ್ರಾಣಿ ಬದುಕುಳಿಯುವುದು ಹೇಗೆ? ಇದಕ್ಕೆ ಉತ್ತರ ಬೇರೆ ದಾರಿಯಲ್ಲಿ ಬಂದಿತು. 1882ರಲ್ಲಿ ಕೆಲಸ ಬಿಟ್ಟು ಸಿಸಿಲಿಯ ಮೆಸ್ಸಿನಾಕ್ಕೆ ಹೋದ ಮೆಚ್ನಿಕಾಫ್, ನಕ್ಷತ್ರಮೀನಿನ ಪಾರದರ್ಶಕ ಡಿಂಭಕ್ಕೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ಬೆಳಗ್ಗೆ ಚಲಿಸುವ ಜೀವಕೋಶಗಳು ಮುಳ್ಳನ್ನು ಸುತ್ತುವರಿದಿದ್ದವು. ಸರಳ ಪ್ರಾಣಿಗಳಲ್ಲಿ ಆಹಾರವನ್ನು ನುಂಗಿ ಅರಗಿಸುತ್ತಿದ್ದ ಕೋಶಗಳೇ ವಿಕಾಸದ ಹಾದಿಯಲ್ಲಿ ರಕ್ಷಣೆಯ ಕೆಲಸಕ್ಕೂ ಒದಗಿದವೆಂದು ಅವರು ತರ್ಕಿಸಿದರು.

1884ರಲ್ಲಿ ಅದಕ್ಕೆ ಬಲವಾದ ಆಧಾರ ಸಿಕ್ಕಿತು. ಕೀಟಗಳ ದೂರದ ಬಂಧುವಾದ ನೀರುಚಿಗಟ ನುಂಗಿದ ಶಿಲೀಂಧ್ರದ ಸೂಜಿಯಂಥ ಬೀಜಕಗಳು ಕರುಳನ್ನು ತೂರಿ ದೇಹದೊಳಗೆ ಬರುತ್ತಿದ್ದವು. ರಕ್ತಕೋಶಗಳು ಅವನ್ನು ನುಂಗಿದರೆ ಪ್ರಾಣಿ ಉಳಿಯುತ್ತಿತ್ತು. ಬೀಜಕ ತಪ್ಪಿಸಿಕೊಂಡು ಮೊಳೆತರೆ ಸಾಯುತ್ತಿತ್ತು. ಈ ಹೋರಾಟವನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ರಕ್ಷಣೆಯ ಶಕ್ತಿ ಕೋಶಗಳಲ್ಲಿಲ್ಲ, ರಕ್ತದ ದ್ರವದಲ್ಲಿದೆ ಎಂದು ಜರ್ಮನಿಯ ಹಲವು ವಿಜ್ಞಾನಿಗಳು ವಾದಿಸಿದರು. 1888ರಿಂದ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್ ಪ್ರಯೋಗಗಳಿಂದಲೇ ಉತ್ತರಿಸುತ್ತ ಹೋದರು. 1908ರ ನೊಬೆಲ್ ಪ್ರಶಸ್ತಿಯನ್ನು ಅವರಿಗೂ ದ್ರವವಾದದ ಪಾಲ್ ಎರ್ಲಿಖ್ ಅವರಿಗೂ ಹಂಚಲಾಯಿತು. ಮೆಚ್ನಿಕಾಫ್ 1916ರಲ್ಲಿ ತೀರಿಕೊಂಡರು.

ಹಣ್ಣುನೊಣದ ಮೇಲಿನ ಸಂಶೋಧನೆ ಎರಡೂ ಪಕ್ಷಗಳಿಗೆ ಮನ್ನಣೆ ತಂದಿತು. ನೊಣದಲ್ಲಿ ಕೋಶಗಳು ಸೂಕ್ಷ್ಮಜೀವಿಗಳನ್ನು ನುಂಗುತ್ತವೆ; ಜೊತೆಗೆ ಶಿಲೀಂಧ್ರನಾಶಕ ಪೆಪ್ಟೈಡುಗಳು ದೇಹದ್ರವಕ್ಕೆ ಸೇರುತ್ತವೆ. ಟೋಲ್ ಎಂಬ ಜೀನ್ ಕೆಟ್ಟ ನೊಣಗಳು ಶಿಲೀಂಧ್ರಕ್ಕೆ ಬೇಗ ಬಲಿಯಾಗುತ್ತವೆಂದು 1996ರಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡ ತೋರಿಸಿತು. ಟೋಲ್‌ಗೆ ಹೋಲುವ ಜೀನುಗಳು ಮನುಷ್ಯರಲ್ಲೂ ಇವೆ.

ರೋಗನಿರೋಧಕತೆಯ ಪಾಠವನ್ನು ಭಕ್ಷಕ ಕೋಶದ ವ್ಯಾಖ್ಯೆಯಿಂದ ಆರಂಭಿಸಿದರೆ ಮಕ್ಕಳಿಗೆ ಉರು ಹೊಡೆಯಲು ಒಂದು ಪದ ಸಿಗುತ್ತದೆ, ಅಷ್ಟೆ. ಬೀಜಕ ಹೊಕ್ಕ ಎರಡು ನೀರುಚಿಗಟಗಳ ಚಿತ್ರ ಬರೆದು, ಒಂದು ಬದುಕಿತು, ಇನ್ನೊಂದು ಸತ್ತಿತು, ಏಕೆ ಎಂದು ಪ್ರಶಿಕ್ಷಣಾರ್ಥಿ ಕೇಳಲಿ. ವ್ಯಾಖ್ಯೆಯನ್ನು ತರಗತಿಯೇ ಕಟ್ಟಿಕೊಳ್ಳುತ್ತದೆ.