ಲುಯಿಜಿ ಗ್ಯಾಲ್ವನಿ: ಜೀವದ ವಿದ್ಯುತ್ತನ್ನು ಅರಸಿದ ಪ್ರಸೂತಿ ವೈದ್ಯ

ಥಾಣೆ ಖಾಡಿಯ ಉಪ್ಪುಗಾಳಿ ಬೀಸುವ ವಾಶಿಯಲ್ಲಿ ಕಬ್ಬಿಣ ಬಹುಕಾಲ ಬಾಳುವುದಿಲ್ಲವೆಂಬುದು ಇಲ್ಲಿ ನೆಲೆನಿಂತ ಕನ್ನಡಿಗ ಕುಟುಂಬಗಳಿಗೆ ತಿಳಿಯದ ಸಂಗತಿಯೇನಲ್ಲ. ಆದುದರಿಂದಲೇ ನೀರಿನ ಕೊಳವೆಗೂ ಮಳೆಗಾಲದ ತಗಡಿಗೂ ಸತುವಿನ ಲೇಪವುಳ್ಳ ಜಿ.ಐ. ಬೇಕೆಂದು ಅಂಗಡಿಯಲ್ಲಿ ಕೇಳುತ್ತೇವೆ. ಆ ಮೊದಲ ಅಕ್ಷರದಲ್ಲಿ ಅಡಗಿರುವುದು ಇಟಲಿಯ ವೈದ್ಯ ಲುಯಿಜಿ ಗ್ಯಾಲ್ವನಿಯವರ ಹೆಸರು. ಅದು ಲೋಹಕ್ಕೆ ಅಂಟಿಕೊಂಡದ್ದು ವಿಧಿಯ ವಿನೋದವೇ ಸರಿ. ತಾವು ಕಂಡ ವಿದ್ಯುತ್ತು ಲೋಹದ್ದಲ್ಲ, ಜೀವದ್ದು ಎಂದು ಕೊನೆಯವರೆಗೂ ವಾದಿಸಿದವರು ಅವರು.

ಬೊಲೋನ್ಯ ನಗರದ ಅಕ್ಕಸಾಲಿಗರೊಬ್ಬರ ಮನೆಯಲ್ಲಿ 1737ರ ಸೆಪ್ಟೆಂಬರ್ 9ರಂದು ಜನಿಸಿದ ಗ್ಯಾಲ್ವನಿಯವರಿಗೆ ಎಳವೆಯಲ್ಲಿ ಸಂನ್ಯಾಸದತ್ತ ಒಲವಿತ್ತು. ಮನೆಯವರ ಮಾತಿಗೆ ಮಣಿದು ವೈದ್ಯಶಾಸ್ತ್ರ ಓದಿ 1759ರಲ್ಲಿ ಪದವಿ ಪಡೆದರು. ಗುರು ಗಲೆಯಾಟ್ಸಿಯವರ ಪುತ್ರಿ ಲೂಚಿಯಾ ಅವರನ್ನು ವರಿಸಿದರು. 1782ರಲ್ಲಿ ಅಲ್ಲಿನ ವಿಜ್ಞಾನ ಸಂಸ್ಥೆಯ ಪ್ರಸೂತಿಶಾಸ್ತ್ರ ಪೀಠ ಅವರಿಗೆ ಒಲಿಯಿತು. ಗರ್ಭಕೋಶ ಹಾಗೂ ಅದರೊಳಗಿನ ಶಿಶುವಿನ ಮಣ್ಣು, ಮೇಣದ ಮಾದರಿಗಳನ್ನು ಮುಂದಿಟ್ಟುಕೊಂಡು ಪಾಠ ಹೇಳುವ ಪೀಠವದು. ದಂಪತಿಗೆ ಮಾತ್ರ ಮಕ್ಕಳ ಭಾಗ್ಯವಿರಲಿಲ್ಲ.

ಮನೆಯಲ್ಲಿಯೇ ಇದ್ದ ಪ್ರಯೋಗಶಾಲೆಯಲ್ಲಿ ಲೂಚಿಯಾ ಪತಿಗೆ ಸಮಾನ ಸಹಾಯಕಿಯಾಗಿದ್ದರು. 1781ರಲ್ಲಿ, ವಿದ್ಯುತ್ ಯಂತ್ರದಿಂದ ಕಿಡಿ ಹಾರಿದ ಕ್ಷಣದಲ್ಲಿಯೇ ಯಾರೋ ಕಪ್ಪೆಯ ನರಕ್ಕೆ ಚೂರಿ ತಾಗಿಸಿದಾಗ ಸತ್ತ ಕಾಲು ಜಿಗಿಯಿತು. 1786ರಲ್ಲಿ ಹಿತ್ತಾಳೆಯ ಕೊಕ್ಕೆಯಿಂದ ಕಬ್ಬಿಣದ ಸರಳಿಗೆ ತೂಗುಹಾಕಿದ ಕಾಲುಗಳು ಯಂತ್ರವಿಲ್ಲದೆಯೇ ಮಿಡಿದವು. ಈ ವಿದ್ಯುತ್ತು ಪ್ರಾಣಿಯ ದೇಹದಲ್ಲಿಯೇ ಇದೆಯೆಂದು ಅವರು 1791ರಲ್ಲಿ ಲ್ಯಾಟಿನ್ ಗ್ರಂಥವೊಂದರಲ್ಲಿ ಪ್ರತಿಪಾದಿಸಿದರು. ಅದನ್ನು ಅಚ್ಚಿನಲ್ಲಿ ಕಾಣಲು ಲೂಚಿಯಾ ಬದುಕಿರಲಿಲ್ಲ.

ಪಾವಿಯಾದ ಅಲೆಸ್ಸಾಂಡ್ರೊ ವೋಲ್ಟಾ ಮೊದಲು ಮೆಚ್ಚಿ, ಆ ಬಳಿಕ ತಿರುಗಿಬಿದ್ದರು. ಎರಡು ಬೇರೆ ಲೋಹಗಳ ಸ್ಪರ್ಶವೇ ವಿದ್ಯುತ್ತಿನ ಮೂಲ, ಕಪ್ಪೆ ಕೇವಲ ಸೂಚಕವೆಂಬುದು ಅವರ ವಾದ. ಕೊಕ್ಕೆ-ಸರಳುಗಳ ಮಟ್ಟಿಗೆ ವೋಲ್ಟಾ ಹೇಳಿದ್ದೇ ನಿಜವೆನ್ನಬೇಕು. ಆದರೆ 1794ರ ವೇಳೆಗೆ ಗ್ಯಾಲ್ವನಿಯವರು ಲೋಹವನ್ನೇ ಬಳಸದೆ, ನರದ ತುದಿಯನ್ನು ಸ್ನಾಯುವಿಗೆ ತಾಗಿಸಿಯೇ ಕಾಲು ಮಿಡಿಯುವುದನ್ನು ತೋರಿಸಿದ್ದರು. ಕೇಳುವವರು ಕಡಿಮೆಯಿದ್ದರು. 1800ರಲ್ಲಿ ವೋಲ್ಟಾ ಬ್ಯಾಟರಿ ನಿರ್ಮಿಸಿದ ಮೇಲಂತೂ ಲೋಕವೆಲ್ಲ ಅವರ ಕಡೆಯೇ.

ಅಷ್ಟರಲ್ಲಿ ಗ್ಯಾಲ್ವನಿ ಇರಲಿಲ್ಲ. ನೆಪೋಲಿಯನ್ನನ ದಂಡು ಸ್ಥಾಪಿಸಿದ ಹೊಸ ಗಣರಾಜ್ಯವು ಪ್ರಾಧ್ಯಾಪಕರೆಲ್ಲರೂ ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕೆಂದಾಗ, ಅದು ತಮ್ಮ ಧರ್ಮನಿಷ್ಠೆಗೆ ಸಲ್ಲದೆಂದು 1798ರ ಏಪ್ರಿಲಿನಲ್ಲಿ ಅವರು ನಿರಾಕರಿಸಿದರು. ವೋಲ್ಟಾರಂಥವರು ಹೊಸ ಆಳ್ವಿಕೆಯೊಡನೆ ಹೊಂದಿಕೊಂಡರು, ಇವರಿಗೆ ಅದಾಗಲಿಲ್ಲ. ಪೀಠವೂ ವೇತನವೂ ಹೋದವು. ಸಹೋದರನ ಮನೆಯಲ್ಲಿ ಆಶ್ರಯ ಪಡೆದರು. ಅವರ ಕೀರ್ತಿಯನ್ನು ಮನ್ನಿಸಿ ಮರುನೇಮಕಕ್ಕೆ ಸರಕಾರ ಒಪ್ಪಿತಾದರೂ ಅದು ಕೈಗೂಡುವ ಮೊದಲೇ, ಅದೇ ವರ್ಷದ ಡಿಸೆಂಬರ್ 4ರಂದು ನಿಧನ ಹೊಂದಿದರು.

ಅವರ ಪಕ್ಷಕ್ಕೆ ಬಲ ಬಂದದ್ದು 1840ರ ದಶಕದಲ್ಲಿ, ಬರ್ಲಿನ್ನಿನ ದು ಬುವಾ-ರೇಮೊಂ ನರ, ಸ್ನಾಯು ಹಾಗೂ ಗಾಯಗಳ ವಿದ್ಯುತ್ತನ್ನು ಉಪಕರಣದಿಂದ ಅಳೆದಾಗ. ಆದರೆ ಪ್ರಸೂತಿ ವೈದ್ಯರಾಗಿದ್ದ ಗ್ಯಾಲ್ವನಿಯವರು ಅತ್ಯಂತ ಸಂತೋಷಪಡಬಹುದಾಗಿದ್ದ ಶೋಧ ಇನ್ನೂ ಒಂದೂವರೆ ಶತಮಾನದಷ್ಟು ದೂರವಿತ್ತು. 1974ರಲ್ಲಿ ಅಮೆರಿಕದ ಲಯೊನೆಲ್ ಜ್ಯಾಫೆ ಮತ್ತು ರಿಚರ್ಡ್ ನುಚಿಟೆಲಿ, ಜೀವಕೋಶದ ಹೊರಗೆ ಕಂಪಿಸುತ್ತ ಅತಿಸೂಕ್ಷ್ಮ ಪ್ರವಾಹವನ್ನು ಅಳೆಯುವ ಸಲಾಕೆಯೊಂದನ್ನು ರೂಪಿಸಿದರು. ಅದರ ನೆರವಿನಿಂದ 1979ರಲ್ಲಿ ಕೋಳಿಯ ಭ್ರೂಣದಲ್ಲಿಯೂ, 1989ರಲ್ಲಿ ಸಸ್ತನಿಯಾದ ಇಲಿಯ ಏಳೂವರೆ ದಿನದ ಭ್ರೂಣದಲ್ಲಿಯೂ ವಿದ್ಯುತ್ ಪ್ರವಾಹ ಪತ್ತೆಯಾಯಿತು. ಇಲಿಯ ಬಸಿರು ಸುಮಾರು 20 ದಿನಗಳದು; ಆ ಹಂತದಲ್ಲಿ ಹೃದಯವಾಗಲಿ ನರವಾಗಲಿ ಇನ್ನೂ ಮೂಡಿರುವುದಿಲ್ಲ. ಭ್ರೂಣದ ಹೊರಪದರದ ಕೋಶಗಳು ಸೋಡಿಯಂ ಅಯಾನುಗಳನ್ನು ಒಳಕ್ಕೆ ತಳ್ಳುತ್ತವೆ. ಬೆನ್ನಿನ ನೇರವನ್ನು ಗುರುತಿಸುವ ಆದಿರೇಖೆಯಲ್ಲಿ ಕೋಶಗಳು ಒಂದನ್ನೊಂದು ಬಿಟ್ಟು ಒಳಸರಿಯುವಾಗ ಪದರದ ಬಿಗಿ ಸಡಿಲವಾಗಿ, ಪ್ರವಾಹ ಅಲ್ಲಿಂದ ಹೊರಹೊಮ್ಮುತ್ತದೆ. ಗಾಯವಾದ ಚರ್ಮದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಮುಂದೆ 1990ರ ದಶಕದ ಆರಂಭದಲ್ಲಿ ಕೋಳಿಯ ಭ್ರೂಣದ ಇಂಥ ಪ್ರವಾಹವನ್ನು ಬೇರೆಡೆಗೆ ಹರಿಸಿದಾಗ ಬಾಲದ ಭಾಗದ ಬೆಳವಣಿಗೆ ಕೆಟ್ಟುದು ಕಂಡುಬಂತು.

ಗ್ಯಾಲ್ವನಿಯವರ ಕಾಲದ ಆ ಗರ್ಭಕೋಶದ ಮಾದರಿಗಳು ಬೊಲೋನ್ಯದ ಪೊಜ್ಜಿ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಲು ದೊರೆಯುತ್ತವೆ.