ಶಂಕರ್ ನಾಗ್

ಶಂಕರ್ ನಾಗ್ (9 ನವೆಂಬರ್ 1954 – 30 ಸೆಪ್ಟೆಂಬರ್ 1990) ಕನ್ನಡದ ಜನಪ್ರಿಯ ಚಲನಚಿತ್ರ ನಟ, ನಿರ್ದೇಶಕ ಹಾಗೂ ರಂಗಕರ್ಮಿ. ಕೇವಲ ಹನ್ನೆರಡು ವರ್ಷಗಳ ಚಿತ್ರಜೀವನದಲ್ಲಿ ಅವರು 80ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿದ ದೂರದರ್ಶನ ಧಾರಾವಾಹಿ ‘ಮಾಲ್ಗುಡಿ ಡೇಸ್’ ಅವರಿಗೆ ದೇಶವ್ಯಾಪಿ ಮನ್ನಣೆ ತಂದಿತು. ತಮ್ಮ 35ನೆಯ ವಯಸ್ಸಿನಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು. ಮರಣಾನಂತರವೂ ಕರ್ನಾಟಕದ ಜನಮಾನಸದಲ್ಲಿ ಆಳವಾಗಿ ನೆಲೆಯೂರಿದ ತಾರೆಯರಲ್ಲಿ ಅವರೂ ಒಬ್ಬರು.

ಜನನ ಮತ್ತು ರಂಗಭೂಮಿ

ಶಂಕರ್ ನಾಗ್ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ ಕೊಂಕಣಿ ಮಾತೃಭಾಷೆಯ ಕುಟುಂಬದಲ್ಲಿ ಜನಿಸಿದರು. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ನಟ ಅನಂತ್ ನಾಗ್ ಇವರ ಅಣ್ಣ. ಯೌವನದಲ್ಲಿ ಮುಂಬಯಿಗೆ ತೆರಳಿದ ಶಂಕರ್, ಅಲ್ಲಿನ ಮರಾಠಿ ರಂಗಭೂಮಿಯ ಆಕರ್ಷಣೆಗೆ ಒಳಗಾದರು. ಮುಂದೆ ಪತ್ನಿಯಾದ ಅರುಂಧತಿ ರಾವ್ ಅವರ ಪರಿಚಯವಾದದ್ದೂ ರಂಗಭೂಮಿಯ ಮೂಲಕವೇ. ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿಯೂ ಶಂಕರ್ ಭಾಗಿಯಾಗಿದ್ದರು. ಬೆಂಗಳೂರಿಗೆ ಬಂದ ಮೇಲೆ ‘ಸಂಕೇತ್’ ನಾಟಕ ತಂಡವನ್ನು ಕಟ್ಟಿ, ಗಿರೀಶ್ ಕಾರ್ನಾಡರ ‘ಅಂಜುಮಲ್ಲಿಗೆ’, ‘ನಾಗಮಂಡಲ’ ಮುಂತಾದ ನಾಟಕಗಳನ್ನು ರಂಗಕ್ಕೆ ತಂದರು. ಚಲನಚಿತ್ರದಲ್ಲಿ ಬಿಡುವಿಲ್ಲದ ಕೆಲಸವಿದ್ದ ವರ್ಷಗಳಲ್ಲಿಯೂ ನಾಟಕವನ್ನು ಕೈಬಿಡಲಿಲ್ಲ.

ಚಲನಚಿತ್ರ

ಗಿರೀಶ್ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ (1978) ಇವರು ನಾಯಕರಾಗಿ ನಟಿಸಿದ ಮೊದಲ ಕನ್ನಡ ಚಿತ್ರ. ಇದರಲ್ಲಿ ಗಂಡುಗಲಿ ಎಂಬ ಬಾಡಿಗೆ ಯೋಧನ ಪಾತ್ರಕ್ಕಾಗಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದರು. ಆನಂತರ ಹೊಡೆದಾಟದ ಚಿತ್ರಗಳ ನಾಯಕರಾಗಿ ಜನಪ್ರಿಯರಾದರು. ಅಭಿಮಾನಿಗಳು ಅವರನ್ನು ಕರಾಟೆ ಕಿಂಗ್ ಎಂದು ಕರೆದರು. ‘ಆಟೋ ರಾಜ’ (1980), ‘ಎಸ್. ಪಿ. ಸಾಂಗ್ಲಿಯಾನ’ (1988), ‘ಸಿ.ಬಿ.ಐ. ಶಂಕರ್’ (1989) ಈ ಬಗೆಯ ಜನಪ್ರಿಯತೆಯನ್ನು ಹೆಚ್ಚಿಸಿದ ಚಿತ್ರಗಳು.

ಅವರು ಸ್ವತಃ ನಿರ್ದೇಶಿಸಿದ ಚಿತ್ರಗಳ ಸ್ವರೂಪ ಇದಕ್ಕಿಂತ ಭಿನ್ನವಾದುದು. ‘ಮಿಂಚಿನ ಓಟ’ (1980) ಕಾರು ಕಳ್ಳರ ಕಥೆಯನ್ನು ಯಾವ ವೈಭವೀಕರಣವೂ ಇಲ್ಲದೆ ನಿರೂಪಿಸಿತು. ‘ಗೀತಾ’ (1981) ರಕ್ತದ ಕ್ಯಾನ್ಸರ್‌ಗೆ ತುತ್ತಾದ ಯುವತಿಯ ಪ್ರೇಮಕಥೆಯಾಗಿದ್ದು, ಇಳಯರಾಜ ಅವರ ಸಂಗೀತದಿಂದ ಇಂದಿಗೂ ಜನಪ್ರಿಯವಾಗಿದೆ. ‘ಆಕ್ಸಿಡೆಂಟ್’ (1985) ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಮೇಲೆ ಪ್ರಭಾವಿ ರಾಜಕಾರಣಿಯ ಮಗ ಕಾರು ಹರಿಸಿದ ಪ್ರಕರಣವನ್ನೂ ಅದನ್ನು ಮುಚ್ಚಿಹಾಕುವ ಯತ್ನವನ್ನೂ ಕುರಿತದ್ದು. ಸಾಮಾಜಿಕ ವಸ್ತುವಿಗಾಗಿ ಇದಕ್ಕೆ ರಾಷ್ಟ್ರಪ್ರಶಸ್ತಿ ದೊರೆಯಿತು. ಜಾನ್ ಸ್ಟೈನ್‌ಬೆಕ್ ಅವರ ‘ದ ಪರ್ಲ್’ ಕಿರುಕಾದಂಬರಿಯನ್ನು ಆಧರಿಸಿ, ರಾಜ್‌ಕುಮಾರ್ ನಾಯಕತ್ವದಲ್ಲಿ ‘ಒಂದು ಮುತ್ತಿನ ಕಥೆ’ (1987) ನಿರ್ದೇಶಿಸಿದರು.

ಕಿರುತೆರೆ

1980ರ ದಶಕದ ಉತ್ತರಾರ್ಧದಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಧಾರಾವಾಹಿಯ 39 ಕಂತುಗಳನ್ನು ಶಂಕರ್ ನಾಗ್ ನಿರ್ದೇಶಿಸಿದರು. ಶಿವಮೊಗ್ಗ ಜಿಲ್ಲೆಯ ಆಗುಂಬೆಯೇ ಮಾಲ್ಗುಡಿಯಾಯಿತು. ಸ್ವಾಮಿಯ ಪಾತ್ರದಲ್ಲಿ ಮಾಸ್ಟರ್ ಮಂಜುನಾಥ್ ಮನೆಮಾತಾದರು. ಎಲ್. ವೈದ್ಯನಾಥನ್ ಅವರ ಸಂಗೀತ, ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಧಾರಾವಾಹಿಗೆ ಕಳೆ ತಂದವು. ಕನ್ನಡ ಚಿತ್ರಗಳನ್ನು ನೋಡದ ಪ್ರೇಕ್ಷಕರೂ ಶಂಕರ್ ನಾಗ್ ಹೆಸರನ್ನು ಅರಿತದ್ದು ಈ ಧಾರಾವಾಹಿಯಿಂದ.

ನಿಧನ

1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರದ ಚಿತ್ರೀಕರಣಕ್ಕಾಗಿ ಕುಟುಂಬದೊಡನೆ ಕಾರಿನಲ್ಲಿ ಪ್ರಯಾಣಿಸುತ್ತಿದ್ದಾಗ, ದಾವಣಗೆರೆ ಸಮೀಪದ ಆನಗೋಡಿನ ಬಳಿ ನಡೆದ ಅಪಘಾತದಲ್ಲಿ ಶಂಕರ್ ನಾಗ್ ಮೃತಪಟ್ಟರು. ಜೊತೆಯಲ್ಲಿದ್ದ ಪತ್ನಿ ಮತ್ತು ಮಗಳು ಬದುಕುಳಿದರು. ‘ಆಕ್ಸಿಡೆಂಟ್’ ಚಿತ್ರದ ನಿರ್ದೇಶಕರು ಅಪಘಾತದಲ್ಲಿಯೇ ಅಸುನೀಗಿದ್ದು ಕಾಕತಾಳೀಯ. ಅಮೆರಿಕದ ನಟ ಜೇಮ್ಸ್ ಡೀನ್ ತಮ್ಮ 24ನೆಯ ವಯಸ್ಸಿನಲ್ಲಿ ಕಾರು ಅಪಘಾತಕ್ಕೆ ಬಲಿಯಾದದ್ದು ಕೂಡ ಸೆಪ್ಟೆಂಬರ್ 30ರಂದೇ, 1955ರಲ್ಲಿ. ಇಬ್ಬರ ವಿಷಯದಲ್ಲಿಯೂ ಅಕಾಲ ಮರಣವು ಅಭಿಮಾನಿಗಳ ಮನಸ್ಸಿನಲ್ಲಿ ಅವರ ಯೌವನದ ರೂಪವನ್ನೇ ಶಾಶ್ವತಗೊಳಿಸಿತು.

ಜನಮಾನಸದಲ್ಲಿ

ಆಟೋ ಚಾಲಕರು

‘ಆಟೋ ರಾಜ’ ಚಿತ್ರದ ಕಾರಣದಿಂದ ಆಟೋರಿಕ್ಷಾ ಚಾಲಕರು ಶಂಕರ್ ನಾಗ್ ಅವರನ್ನು ತಮ್ಮವರೆಂದೇ ಭಾವಿಸಿದರು. ಬೆಂಗಳೂರಿನಲ್ಲಿಯೂ ನೆಲಮಂಗಲ, ದೊಡ್ಡಬಳ್ಳಾಪುರ, ಹೊಸಕೋಟೆಯಂಥ ಸುತ್ತಲಿನ ಪಟ್ಟಣಗಳಲ್ಲಿಯೂ ಆಟೋಗಳ ಹಿಂಬದಿಯಲ್ಲಿ ಅವರ ಚಿತ್ರ ಕಾಣಸಿಗುತ್ತದೆ. ರಾಜ್ಯದ ಅನೇಕ ಆಟೋ ನಿಲ್ದಾಣಗಳಿಗೆ ಅವರ ಹೆಸರಿದೆ. ನವೆಂಬರ್ 9ರಂದು ಚಾಲಕರು ಅವರ ಜನ್ಮದಿನವನ್ನು ಆಚರಿಸುತ್ತಾರೆ. ಇವರಲ್ಲಿ ಹಲವರು ಅವರ ನಿಧನಾನಂತರ ಹುಟ್ಟಿದವರು.

ಕೈಗೂಡದ ಯೋಜನೆಗಳು

ಬೆಂಗಳೂರಿಗೆ ಮೆಟ್ರೋ ರೈಲು, ದೇವನಹಳ್ಳಿ ಮತ್ತು ದೊಡ್ಡಬಳ್ಳಾಪುರಗಳಿಗೆ ಸಮೀಪದ ನಂದಿಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಕಡಿಮೆ ವೆಚ್ಚದ ಮನೆಗಳು ಮೊದಲಾದ ಕಲ್ಪನೆಗಳಲ್ಲಿ ಶಂಕರ್ ನಾಗ್ ಆಸಕ್ತಿ ವಹಿಸಿದ್ದರು. 2011ರ ಅಕ್ಟೋಬರ್‌ನಲ್ಲಿ ನಮ್ಮ ಮೆಟ್ರೋದ ಮೊದಲ ಹಂತದ ಸಂಚಾರ ಆರಂಭವಾಗುವ ವೇಳೆಗೆ ಅವರು ಗತಿಸಿ 21 ವರ್ಷಗಳಾಗಿದ್ದವು. ಮೆಟ್ರೋಗೆ ಅವರ ಹೆಸರಿಡಬೇಕೆಂದು ಅಭಿಮಾನಿಗಳು ಒತ್ತಾಯಿಸಿದ್ದುಂಟು. ನಂದಿಬೆಟ್ಟದ ರೋಪ್‌ವೇ ವಿಚಾರ ಬಂದಾಗಲೆಲ್ಲ ಅವರ ಹೆಸರು ಪ್ರಸ್ತಾಪವಾಗುತ್ತದೆ. ಹೀಗೆ ಅವರು ಮಾಡಿದ ಕೆಲಸಗಳಷ್ಟೇ, ಬದುಕಿದ್ದರೆ ಮಾಡಬಹುದಾಗಿದ್ದ ಕೆಲಸಗಳೂ ಜನರ ಮಾತಿನ ವಸ್ತುವಾದವು. ಇದರ ಪರಿಣಾಮವಾಗಿ ನಾಟಕ ನಿರ್ದೇಶಕರಾಗಿ ಅವರ ಸಾಧನೆ ಸಾಮಾನ್ಯ ಚರ್ಚೆಯಲ್ಲಿ ಹಿಂದೆ ಸರಿದದ್ದೂ ಉಂಟು.

ರಂಗಶಂಕರ

ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಅವರ ಮುಂದಾಳತ್ವದಲ್ಲಿ ಸಂಕೇತ್ ಟ್ರಸ್ಟ್ ಬೆಂಗಳೂರಿನ ಜೆ. ಪಿ. ನಗರದಲ್ಲಿ ‘ರಂಗಶಂಕರ’ ರಂಗಮಂದಿರವನ್ನು ನಿರ್ಮಿಸಿತು. ಅದು 2004ರಲ್ಲಿ ಆರಂಭವಾಯಿತು. ನಿಗದಿತ ಸಮಯಕ್ಕೆ ಸರಿಯಾಗಿ ಪ್ರದರ್ಶನ ಆರಂಭಿಸುವುದು, ತಡವಾಗಿ ಬಂದವರಿಗೆ ಪ್ರವೇಶ ನೀಡದಿರುವುದು ಇಲ್ಲಿನ ಶಿಸ್ತು. ಕನ್ನಡವಲ್ಲದೆ ಇತರ ಭಾಷೆಗಳ ನಾಟಕಗಳೂ ಇಲ್ಲಿ ಪ್ರದರ್ಶನಗೊಳ್ಳುತ್ತವೆ. ಅನಂತ್ ನಾಗ್ ತಮ್ಮ ಸಹೋದರನ ಬದುಕನ್ನು ಕುರಿತು ‘ನನ್ನ ತಮ್ಮ ಶಂಕರ’ ಎಂಬ ಕೃತಿಯನ್ನು ರಚಿಸಿದ್ದಾರೆ.