ನಕ್ಷತ್ರ ನೋಡಿ ನಾಡನ್ನು ಅಳೆದ ಲ್ಯಾಂಬ್ಟನ್



ಹಿಂದೂಪುರದಲ್ಲಿ ಮಧ್ಯಾಹ್ನ 12ಕ್ಕೆ ತ್ರಿಕಾಲ ಪ್ರಾರ್ಥನೆಯ ಗಂಟೆ ಬಾರಿಸುವಾಗ ನಮ್ಮ ಊರಿಗೆ ಇನ್ನೂ ನಡುಹಗಲು ಆಗಿರುವುದಿಲ್ಲ. ದೇಶದ ಗಡಿಯಾರ 82½ ಡಿಗ್ರಿ ರೇಖಾಂಶದ ಹೊತ್ತು ಹೇಳುತ್ತದೆ. ಹಿಂದೂಪುರ ಇರುವುದು ಸುಮಾರು 77½ ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ನಾವು 20 ನಿಮಿಷ ಹಿಂದೆ. ಕಲ್ಯಾಣದುರ್ಗ ಇನ್ನೂ ಪಶ್ಚಿಮಕ್ಕಿದೆ, ಅಲ್ಲಿ ಮತ್ತೊಂದೂವರೆ ನಿಮಿಷ ತಡ.

ಈ ಅಂಕಿಗಳು ಇಂದು ಮೊಬೈಲಿನಲ್ಲೇ ಸಿಗುತ್ತವೆ. ನಮ್ಮ ಸೀಮೆಯಲ್ಲಿ ಅವುಗಳಿಗಾಗಿ ಬೆಟ್ಟ ಹತ್ತಿದವರು ವಿಲಿಯಂ ಲ್ಯಾಂಬ್ಟನ್.

ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ರೈತರ ಮನೆಯ ಮಗ. ಸೈನ್ಯ ಸೇರಿ ಅಮೆರಿಕಕ್ಕೆ ಹೋಗಿದ್ದಾಗ ಸೂರ್ಯಗ್ರಹಣ ನೋಡಿ ಒಂದು ಕಣ್ಣಿನ ದೃಷ್ಟಿ ಕೆಡಿಸಿಕೊಂಡರು. 1799ರ ಏಪ್ರಿಲ್‌ನಲ್ಲಿ ಶ್ರೀರಂಗಪಟ್ಟಣದ ಬಳಿ ಒಂದು ರಾತ್ರಿ ಅವರ ದಂಡು ದಾರಿ ತಪ್ಪಿ ಟಿಪ್ಪುವಿನ ಪಾಳೆಯದ ಕಡೆಗೇ ನಡೆದಿತ್ತು. ನಕ್ಷತ್ರ ನೋಡಿದ ಲ್ಯಾಂಬ್ಟನ್ ದಿಕ್ಕು ತಪ್ಪಿದೆ ಎಂದು ಎಚ್ಚರಿಸಿದರು. ಸೇನಾಪತಿ ಬೇರ್ಡ್ ಮೊದಲು ನಂಬಲಿಲ್ಲ; ದಿಕ್ಸೂಚಿ ನೋಡಿದ ಮೇಲೆ ದಂಡು ಹಿಂತಿರುಗಿತು.

1802ರಲ್ಲಿ ಮದ್ರಾಸಿನ ಸಂತ ತೋಮಸರ ಬೆಟ್ಟದ ಬಳಿ ಉಕ್ಕಿನ ಸರಪಳಿ ಹಾಸಿ ಏಳೂವರೆ ಮೈಲಿಯ ನೆಲ ಅಳೆದರು. ಅದೇ ಅಡಿಗೆರೆ. ಅಲ್ಲಿಂದ ಮುಂದೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳು. ಬೆಂಗಳೂರು ತಲುಪಿ ನೆಲವನ್ನು ಮತ್ತೆ ಅಳೆದಾಗ, ಏಳು ಮೈಲಿಗೆ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ನಾಲ್ಕಂಗುಲದೊಳಗೆ! ಮದ್ರಾಸಿನಿಂದ ಮಂಗಳೂರಿನ ಕರಾವಳಿಗೆ ಹಳೆಯ ನಕ್ಷೆಗಳು ತೋರಿಸುತ್ತಿದ್ದ ದೂರದಲ್ಲಿ 40 ಮೈಲಿ ಹೆಚ್ಚಿತ್ತು ಎಂದು ಹೀಗೆ ತಿಳಿಯಿತು.

ಅಕ್ಷಾಂಶ ತಿಳಿಯುವುದು ಸುಲಭ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅದೇ ಊರಿನ ಅಕ್ಷಾಂಶ. ಹಿಂದೂಪುರಕ್ಕೆ 14ಕ್ಕಿಂತ ತುಸು ಕಡಿಮೆ. ಹಿಂದೂಪುರ, ಕಲ್ಯಾಣದುರ್ಗಗಳ ನಡುವಿನ ಪಾವಗಡ ಲ್ಯಾಂಬ್ಟನ್ ನಕ್ಷತ್ರ ನೋಡಿದ ಠಾಣೆಗಳಲ್ಲೊಂದು. 1811ರಲ್ಲಿ ಗುತ್ತಿಯ ಬಳಿ ಮತ್ತೊಂದು ಅಡಿಗೆರೆ ಅಳೆದರು.

ಕಷ್ಟ ಇರುವುದು ರೇಖಾಂಶದಲ್ಲಿ. ಅದಕ್ಕೆ ಎರಡು ಊರುಗಳ ಹೊತ್ತು ಒಟ್ಟಿಗೆ ತಿಳಿಯಬೇಕು. ಗೆಲಿಲಿಯೋ 1610ರಲ್ಲಿ ಕಂಡ ಗುರುಗ್ರಹದ ಚಂದ್ರಗಳು ಮರೆಯಾಗುವ ಕ್ಷಣ ಎಲ್ಲೆಡೆಗೂ ಒಂದೇ. ಆ ಕ್ಷಣದಲ್ಲಿ ಗ್ರೀನಿಚ್‌ನ ಹೊತ್ತೆಷ್ಟು, ಮದ್ರಾಸಿನ ಹೊತ್ತೆಷ್ಟು ಎಂದು ಹೋಲಿಸಿ, ಗಂಟೆಗೆ 15 ಡಿಗ್ರಿ ಎಣಿಸಿ ಮದ್ರಾಸ್ ವೀಕ್ಷಣಾಲಯದ ರೇಖಾಂಶ ಹಿಡಿದಿದ್ದರು. ಉಳಿದ ಊರುಗಳಿಗೆ ಅಲ್ಲಿಂದಲೇ ಲೆಕ್ಕ. ಆ ಮೊದಲ ಅಂಕಿಯಲ್ಲೇ ಸಣ್ಣ ತಪ್ಪಿತ್ತೆಂದು ಬಹಳ ಕಾಲದ ನಂತರ ತಿಳಿದು ಇಡೀ ದೇಶದ ರೇಖಾಂಶಗಳನ್ನು ತಿದ್ದಬೇಕಾಯಿತು.

1808ರಲ್ಲಿ ತಂಜಾವೂರಿನ ಗೋಪುರಕ್ಕೆ ಏರಿಸುವಾಗ ಅರ್ಧ ಟನ್ ತೂಕದ ಕೋನಮಾಪಕ ಗೋಡೆಗೆ ಬಡಿದು ನಜ್ಜುಗುಜ್ಜಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕುಳಿತು ವಾರಗಟ್ಟಲೆ ಅದನ್ನು ತಾವೇ ಸರಿಪಡಿಸಿದರು. ವಿಜ್ಞಾನ ಓದಿದ ನಮಗೆ ಅವರ ಜೀವನದಲ್ಲಿ ಹೆಚ್ಚು ಹಿಡಿಸಿದ್ದು ಇದೇ.

ಅಳತೆ ಕಂಪನಿಯ ಆಳ್ವಿಕೆಗೂ ಒದಗಿತೆಂಬುದನ್ನು ಮುಚ್ಚಿಡಬೇಕಿಲ್ಲ. ಸರಪಳಿ ಹೊತ್ತ, ಕಾಡು ಕಡಿದ, ಜ್ವರದಲ್ಲಿ ನರಳಿದ ನಮ್ಮ ಜನರ ಹೆಸರುಗಳು ಎಲ್ಲೂ ಕೇಳಿಬರುವುದಿಲ್ಲ. ಲ್ಯಾಂಬ್ಟನ್ನರದೂ ಹೆಚ್ಚು ಕೇಳದು. ಶಿಖರಕ್ಕೆ ಇಟ್ಟದ್ದು ಅವರ ನಂತರ ಬಂದ ಎವರೆಸ್ಟರ ಹೆಸರು. ಸುಮಾರು 70ರ ವಯಸ್ಸಿನಲ್ಲಿ, 1823ರ ಜನವರಿ 20ರಂದು, ನಾಗಪುರಕ್ಕೆ ಹೋಗುವ ದಾರಿಯ ಹಿಂಗಣಘಾಟ್‌ನಲ್ಲಿ ತೀರಿಕೊಂಡರು. ಸಮಾಧಿ ಅಲ್ಲೇ ಇದೆ.

ಬರುವ ಭಾನುವಾರ ಪೂಜೆಯ ನಂತರ ಯುವಜನರು ದೇವಾಲಯದ ಅಂಗಳದಲ್ಲಿ ಕೋಲು ನೆಟ್ಟು ನೆರಳು ಗುರುತಿಸಲಿದ್ದೇವೆ. ನೆರಳು ಅತಿ ಗಿಡ್ಡವಾದ ನಿಮಿಷವೇ ನಮ್ಮ ಊರಿನ ನಡುಹಗಲು. ಋತುವಿಗೆ ತಕ್ಕಂತೆ ಅದು ಕಾಲು ಗಂಟೆ ಹಿಂದುಮುಂದಾಗುತ್ತದೆ, ಆದ್ದರಿಂದ 12ಕ್ಕೇ ಮನೆಗೆ ಹೊರಡಬೇಡಿ.